ಜೇಬಿನ ಕಡೆಯ ಕೈ

ಮಾರ್ಚ್ 3, ಬೆಳಗ್ಗೆ 5.30
ಅಭ್ಯಾಸ ಮುಗಿಯಿತು. ಸೊಂಟ ಹಗುರ. ಹನ್ನೆರಡು ವರ್ಷ ಹೊಲಿಗೆ ಮಷಿನ್ ಮುಂದೆ ಬಗ್ಗಿ ಬಗ್ಗಿ ಹಾಳಾದ ಸೊಂಟವನ್ನು ಯೋಗವೇ ಎತ್ತಿ ನಿಲ್ಲಿಸಿತು. ಈಗ ನಾನೂ ಕಲಿಸಬೇಕು ಅನ್ನುವ ಹುಚ್ಚು. 21ಕ್ಕೆ ಟೀಚರ್ ಪರೀಕ್ಷೆ. ಫೇಲಾದರೆ ಇನ್ನೊಂದು ವರ್ಷ ಕಾಯಬೇಕು.

ತೊಂದರೆ ಒಂದೇ. ಎದುರಿಗೆ ನಿಂತು ಕಲಿಸುವಾಗ ಕನ್ನಡಿಯ ಹಾಗೆ ಮಾಡಬೇಕು — ಬಾಯಲ್ಲಿ “ಬಲಗೈ”, ಎತ್ತುವುದು ನನ್ನ ಎಡಗೈ. ನಾನೋ, ಎರಡನ್ನೂ ಕಲಸಿಬಿಡುತ್ತೇನೆ.

ಮಾರ್ಚ್ 5
ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಪಾಠ.

“ಎಡ ಅಂತೀಯ, ಬಲ ಅಂತೀಯ, ಆಮೇಲೆ ಅಯ್ಯೋ ಅಂತೀಯ. ಈ ಅಯ್ಯೋ ಯಾವ ಆಸನಾನಮ್ಮ?”

ನಗು ಬಂತು. ಸಿಟ್ಟೂ ಬಂತು.

ಮಾರ್ಚ್ 12
ಎಡವಟ್ಟು! ಕನ್ನಡಿ ತಲೆಗೇರಿ, ನಾನು ಹೊಲಿಯುವ ಅಂಗಡಿಯ ಮಾಲೀಕರದ್ದೇ ಶರ್ಟಿಗೆ, ಎಡಗಡೆ ಇರಬೇಕಾದ ಜೇಬನ್ನು ಬಲಗಡೆ ಹೊಲಿದುಬಿಟ್ಟೆ.

“ಯೋಗ ಮಾಡಿ ಮಾಡಿ ನಿನ್ನ ತಲೆ ಕೆಟ್ಟಿದೆ,” ಅಂದರು. “ನೀನು ಟೀಚರ್ ಆದ್ರೆ ಇದೇ ಶರ್ಟ್ ಹಾಕ್ಕೊಂಡು ನಿನ್ನ ಕ್ಲಾಸಿಗೆ ಬರ್ತೀನಿ. ಬೇಕಾದ್ರೆ ಬರ್ಕೋ!”

ಬರೆದುಕೊಂಡೆ. ಇಗೋ, ಇಲ್ಲಿ.

ಮಾರ್ಚ್ 21, ಸಂಜೆ
ಎದುರಿಗೆ ಹದಿನೈದು ಜನ, ಮೂಲೆಯಲ್ಲಿ ಪರೀಕ್ಷೆ ಮಾಡುವ ಯೋಗದ ಗುರುಗಳು. ಎರಡನೇ ಆಸನಕ್ಕೇ ಎಡವಿದೆ. ಅರ್ಧ ಜನರ ಬಲಗೈ ಮೇಲೆ, ಅರ್ಧ ಜನರ ಎಡಗೈ. ಗುರುಗಳು ಏನೋ ಗೀಚಿಕೊಂಡರು. ಮುಗೀತು ನನ್ನ ಕಥೆ ಅಂದುಕೊಂಡೆ. ಉದ್ದಕ್ಕೆ ಉಸಿರು ಬಿಟ್ಟೆ... ಕಣ್ಣೆತ್ತಿದರೆ, ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಶರ್ಟುಗಳಂತೆ ಕಂಡರು ಎಲ್ಲರೂ. ಅಲ್ಲಾ, ನನ್ನ ಎದುರಿಗಿರುವ ಶರ್ಟಿನ ಜೇಬು ಯಾವಾಗಲೂ ನನ್ನ ಬಲಕ್ಕೇ ಇರುತ್ತದಲ್ಲ!

“ಶರ್ಟಿಗೆ ಜೇಬಿರುತ್ತಲ್ಲ, ಆ ಕಡೆ ಕೈ ಮೇಲೆ!”

ನನ್ನ ಬಲಗೈ ತಾನಾಗಿ ಎದ್ದಿತು. ಎದುರಿಗೆ ಹದಿನೈದು ಎಡಗೈ, ಒಟ್ಟಿಗೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

“ಇದನ್ನ ಯಾರು ಹೇಳ್ಕೊಟ್ರು?” ಗುರುಗಳು ಕೇಳಿದರು.

“ಹೊಲಿಗೆ, ಸರ್.”

“ಬೆಳಗಿನ ಬ್ಯಾಚ್ ಇನ್ಮೇಲೆ ನಿಮ್ದು.”

ಗೆದ್ದೆ! ಮನೆಗೆ ಬಂದವಳೇ ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. “ಬಿಡೇ, ಬಿಡೇ” ಅನ್ನುತ್ತಾ ಖುಷಿಗೆ ಅತ್ತೇಬಿಟ್ಟರು.

ಏಪ್ರಿಲ್ 6, ಬೆಳಗ್ಗೆ 7.15
ನನ್ನ ಮೊದಲ ಕ್ಲಾಸ್! ಇಪ್ಪತ್ತು ಜನ. ಎಡ-ಬಲ ತಪ್ಪಲಿಲ್ಲ. “ಜೇಬಿನ ಕಡೆ ಕೈ ಮೇಲೆ” ಅಂದೆ. ಹತ್ತೊಂಬತ್ತು ಎಡಗೈ ಎದ್ದವು. ಹಿಂದಿನ ಸಾಲಿನಲ್ಲಿ ಒಂದೇ ಒಂದು ಬಲಗೈ. ತಿದ್ದೋಣ ಅಂತ ಹತ್ತಿರ ಹೋದೆ. ಮಾಲೀಕರು! ಅದೇ ಶರ್ಟು!

“ನೀನು ಹೇಳಿದ ಕಡೇನೇ ಎತ್ತಿದೀನಲ್ಲ, ಟೀಚರಮ್ಮ,” ಅಂದರು.

ಟೀಚರಮ್ಮ ಅಂದರು. ನಾನು ನಗುತ್ತಾ ಅವರ ಜೇಬಿನ ಕಡೆಯ ಕೈಯನ್ನೇ ಇನ್ನಷ್ಟು ಮೇಲಕ್ಕೆ ಎತ್ತಿದೆ.