ಬೆಕ್ಕು ಬಂದ ಬುಟ್ಟಿ

ಮನೆಯಿಂದ,
೧೨ನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ಮಂಡಿನೋವು ಹೇಗಿದೆ? ಹೊಸ ಬಾಡಿಗೆ ಮನೆಗೆ ಮೂರು ಮಹಡಿ ಹತ್ತಬೇಕು ಅಂತ ಬರೆದಿದ್ದೆ. ಕಂಬಿ ಹಿಡಿದು ಹತ್ತು, ನಾಚಿಕೆ ಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಬೆಕ್ಕು ನನಗಿಂತ ಒಂದು ಕೈ ಹೆಚ್ಚೇ ಚೆನ್ನಾಗಿದೆ.

ನಿನ್ನ ಹೊಸ ಮನೆಯೊಡೆಯ ಬೆಕ್ಕು ಬೇಡ ಅಂದಿದ್ದಕ್ಕೆ ನೀನು ಇದನ್ನು ಬುಟ್ಟಿಯಲ್ಲಿ ಕೂರಿಸಿ ನನ್ನ ಬಾಗಿಲಿಗೆ ತಂದುಬಿಟ್ಟೆ. ಒಂದೇ ವಾರಕ್ಕೆ ನಾನು, ಹೊಲಿಯೋ ಬಟ್ಟೆ ತುಂಬಾ ಕೂದಲು, ಎಲ್ಲಾದರೂ ಸಾಗಹಾಕು ಅಂತ ಬರೆದೆ. ನೀನೂ ಹೂಂ ಅಂದು, ಗೆಳತಿ ಭಾನುವಾರ ಬಂದು ಒಯ್ಯುತ್ತಾಳೆ ಅಂದೆ. ಆಗ ನನ್ನ ತಲೆ ನೆಟ್ಟಗಿರಲಿಲ್ಲ ಕಣೇ. ನಿನ್ನ ಭಾವ ಹೋದಮೇಲೆ ಗುಂಡಿ ತೂರಿಸೋ ಒಂದು ಕಾಜಾ ಹೊಲಿಯೋಷ್ಟರಲ್ಲಿ ನಾಲ್ಕು ಸಲ ಏಳುತ್ತಿದ್ದೆ. ಗೇಟು ಸದ್ದಾದರೆ ಸಾಕು, ಅವರೇ ಕೆಲಸ ಮುಗಿಸಿ ಬಂದರೇನೋ ಅಂತ ಬಾಗಿಲಿಗೆ ಓಡೋದು, ಸುಮ್ಮನೆ ವಾಪಸು ಬರೋದು. ಹೀಗೆ ಎದ್ದು ಕೂತು, ಒಂದು ಅಂಗಿಯ ಎರಡೂ ಪಟ್ಟಿಗೆ ಕಾಜಾ ತೆಗೆದುಬಿಟ್ಟೆ. ಗುಂಡಿಗೆ ಜಾಗವೇ ಇಲ್ಲ. ನನಗೆ ಕೆಲಸ ಕೊಡೋ ಅಂಗಡಿಯ ಟೈಲರು ಬೈಯಲಿಲ್ಲ. "ಅಕ್ಕಾ, ಗುಂಡಿ ನನ್ನ ಮೂಗಿಗೆ ಹೊಲ್ಕೊಳ್ಲಾ?" ಅಂದ. ಅಲ್ಲಿ ನಗು ಬಂತು, ಮನೆಗೆ ಬಂದಮೇಲೆ ಅಳು.

ಅವತ್ತೇ ಬೆಕ್ಕು ತಾನಾಗಿ ನನ್ನ ಮಡಿಲೇರಿ ಸುರುಳಿ ಸುತ್ತಿ ಮಲಗಿತು. ನನ್ನನ್ನು ಸಮಾಧಾನ ಮಾಡೋಕೇನೂ ಅಲ್ಲ, ಮಡಿಲಲ್ಲಿ ಉಣ್ಣೆ ಬಟ್ಟೆ ಬೆಚ್ಚಗಿತ್ತು. ಐದು ಗಂಟೆಗೆ ಗೇಟು ಕಿರ್ರೆಂದಿತು. ಏಳಬೇಕು, ಆದರೆ ಮಲಗಿದ ಜೀವವನ್ನು ಎಬ್ಬಿಸೋದು ಹೇಗೆ? ಅದು ಒಂದು ಕಿವಿ ಎತ್ತಿತು, ತನಗೆ ಸಂಬಂಧವಿಲ್ಲ ಅನ್ನಿಸಿತೋ ಏನೋ, ಮಡಚಿತು. ನಾನೂ ಸೂಜಿ ಕೆಳಗಿಡಲಿಲ್ಲ. ಅವರು ಹೋದಮೇಲೆ ಮೊದಲ ಸಲ ಗೇಟು ಬರೀ ಗೇಟಾಗಿ ಕೇಳಿಸಿತು.

ಬಂದವರೆಲ್ಲ ಧೈರ್ಯ ತಂದುಕೋ ಅಂತ ಹೇಳಿ ಹೋದರು, ಪಾಪ, ಅವರಾದರೂ ಇನ್ನೇನು ಹೇಳಿಯಾರು? ಇದು ಏನೂ ಹೇಳೋದಿಲ್ಲ, ಎದ್ದೂ ಹೋಗೋದಿಲ್ಲ. ನಿನ್ನೆ ನಾಲ್ಕು ಅಂಗಿ ಮುಗಿಸಿದೆ, ಒಂದು ಕಾಜಾನೂ ಸೊಟ್ಟಗಿಲ್ಲ. ಕಾಲು ಜೋಮು ಹಿಡಿದಿದೆ, ಅಷ್ಟೇ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ

ಮರೆತೇ ಹೋಗಿತ್ತು: ಭಾನುವಾರಕ್ಕೆ ಬುಟ್ಟಿ ತೊಳೆದಿಡು ಅಂದಿದ್ದೆಯಲ್ಲ, ಅದರ ತುಂಬಾ ನೂಲುಂಡೆ ಹಾಕಿಬಿಟ್ಟಿದ್ದೇನೆ, ಖಾಲಿಯಿಲ್ಲ. ನಿನ್ನ ಗೆಳತಿ ಬರೋದಾದರೆ ಟೀ ಕುಡಿದು ಹೋಗಲಿ. ಬರಿಗೈಲೇ ಹೋಗಬೇಕಾಗುತ್ತೆ ಅಂತ ಮಾತ್ರ ಮೊದಲೇ ಹೇಳಿರು.