ಸಿಕ್ ರೂಮ್ ರಿಜಿಸ್ಟರಿನ ಆರು ಸಾಲು

ನವೆಂಬರ್ 4, ಸೋಮವಾರ

ಎಂಟೂಮುಕ್ಕಾಲಿಗೆ ಸಿಕ್ ರೂಮ್ ತೆರೆದೆ. ಬೆಡ್‌ಶೀಟ್ ಬದಲಾಯಿಸಿದೆ. ಹತ್ತಿ ಮುಗಿದಿದೆ, ಆಫೀಸಿಗೆ ಮೂರನೇ ಸಲ ಚೀಟಿ ಕಳಿಸಿದೆ. ಇಬ್ಬರಿಗೆ ತಲೆನೋವು. ಇಬ್ಬರದೂ ಒಂದೇ ಸೆಕ್ಷನ್, ಎರಡನೇ ಪೀರಿಯಡ್ಡಿಗೆ ಗಣಿತದ ಟೆಸ್ಟು. ಮಲಗಿಸಿದೆ. ಟೆಸ್ಟ್ ಮುಗಿದ ಬೆಲ್ ಹೊಡೆದ ಕೂಡಲೇ ತಲೆನೋವು ಮಂಗಮಾಯ.

ಮೂರನೇ ಪೀರಿಯಡ್ಡಿನಲ್ಲಿ ಸ್ಪೆಷಲ್ ಕ್ಲಾಸಿನ ಟೀಚರ್ ಬಟಾಣಿಯನ್ನು ಕರೆತಂದರು. ಹನ್ನೆರಡು ವರ್ಷ. ಮಾತು ಬರುವುದಿಲ್ಲ. ಬಟಾಣಿ ಅಂತ ತಾಯಿ ಕರೆಯುವುದು, ಈಗ ಸ್ಕೂಲಿಗೆಲ್ಲ ಅದೇ ಹೆಸರು. ಎರಡೂ ಮಣಿಕಟ್ಟು ಕೆಂಪಗೆ.

"ತಾನೇ ಕಚ್ಕೊಂಡ್ಲು ಸಿಸ್ಟರ್. ಕೋಪ ಬಂದ್ರೆ ಹಂಗೇ."

ಹಲ್ಲಿನ ಗುರುತು ಕಾಣಲಿಲ್ಲ. ಮುಲಾಮು ಹಚ್ಚಿದೆ. ರಿಜಿಸ್ಟರಿನಲ್ಲಿ ಬರೆದೆ: ತಾನೇ ಕಚ್ಚಿಕೊಂಡಿದ್ದು. ಈ ಟರ್ಮಿನಲ್ಲಿ ಇದು ನಾಲ್ಕನೇ ಸಲ. ಹಿಂದಿನ ಮೂರೂ ನನ್ನದೇ ಕೈಬರಹ. ತಾನೇ ಪರಚಿಕೊಂಡಿದ್ದು. ತಾನೇ ಬಿದ್ದಿದ್ದು. ತಾನೇ ಗೋಡೆಗೆ ಕೈ ಉಜ್ಜಿಕೊಂಡಿದ್ದು.

ನವೆಂಬರ್ 12, ಮಂಗಳವಾರ, ಸಂಜೆ 5

ಬಟಾಣಿ ಮತ್ತೆ. ಈ ಸಲ ಕಿಟಕಿಯ ಬೆಳಕಿಗೆ ಕೈ ಹಿಡಿದು ನೋಡಿದೆ. ಗಡಿಯಾರದ ಪಟ್ಟಿಯಷ್ಟು ಅಗಲದ ಗೆರೆ, ಸುತ್ತಲೂ. ಎರಡೂ ಕೈಯಲ್ಲಿ ಒಂದೇ ಅಳತೆ. ತಾನೇ ಮಾಡಿಕೊಂಡ ಗಾಯ ಹೀಗಿರುವುದಿಲ್ಲ. ಹದಿನೆಂಟು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ.

"ಇದು ಹೇಗಾಯ್ತು ಟೀಚರ್?"

"ಹದಿಮೂರು ಮಕ್ಕಳು, ನಾನೊಬ್ಳು. ಒಂದಿನ ನೀವೇ ಬಂದು ಕ್ಲಾಸ್ ತಗೊಳ್ಳಿ, ಆಮೇಲೆ ಕೇಳಿ."

ಅವರ ಕಣ್ಣು ಸೋತುಹೋಗಿದ್ದವು. ಅದೂ ಸುಳ್ಳಲ್ಲ.

ಸ್ಕೂಲ್ ಬಿಟ್ಟ ಮೇಲೆ ಹೆಚ್‌ಎಂ ಮೇಡಂ ಕೋಣೆಗೆ ಹೋದೆ. ಯಾರೋ ಕಟ್ಟಿಹಾಕುತ್ತಿದ್ದಾರೆ ಅನ್ನಿಸುತ್ತಿದೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ನೀವು ನೋಡಿದೀರಾ?"

"ಇಲ್ಲ ಮೇಡಂ. ಗುರುತು ನೋಡಿದೀನಿ. ಬರ್ದು ಕೊಡ್ಲಾ?"

"ಬೇಡ. ಬರ್ದು ಕೊಟ್ರೆ ನಾನು ಕ್ರಮ ತಗೋಬೇಕಾಗುತ್ತೆ. ಸ್ಪೆಷಲ್ ಕ್ಲಾಸಿಗೆ ಬೇರೆ ಟೀಚರ್ ಎಲ್ಲಿಂದ ತರ್ಲಿ? ನಾನು ಮಾತಾಡ್ತೀನಿ, ಬಿಡಿ."

ಬಿಟ್ಟೆ. ರಿಜಿಸ್ಟರಿಗೆ ಐದನೇ ಸಾಲು: ಉಜ್ಜಿಕೊಂಡು ಕೆಂಪಾಗಿದೆ.

ನವೆಂಬರ್ 21, ಗುರುವಾರ

ನೋಡಿದೆ.

ಕಣ್ಣಿನ ತಪಾಸಣೆಯ ಲಿಸ್ಟ್ ಹಿಡಿದು ಸ್ಪೆಷಲ್ ಕ್ಲಾಸಿಗೆ ಹೋಗಿದ್ದೆ. ಟೀಚರ್ ಇರಲಿಲ್ಲ. ಮಕ್ಕಳು ಬಣ್ಣ ಹಚ್ಚುತ್ತಿದ್ದರು. ಎಣಿಸಿದರೆ ಹನ್ನೆರಡು. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿಸಿದ ಕುರ್ಚಿ. ಬಟಾಣಿಯ ಎರಡೂ ಕೈ ಕುರ್ಚಿಯ ಕೈಗಳಿಗೆ ಬ್ಯಾಗಿನ ಪಟ್ಟಿಯಿಂದ ಬಿಗಿದಿದ್ದರು.

ಬಿಚ್ಚಿದೆ. ಗಂಟು ಗಟ್ಟಿ, ನನ್ನ ಉಗುರು ಮುರಿಯಿತು. ಬಿಚ್ಚಿದ ಮೇಲೂ ಅವಳು ಕೈ ಎತ್ತಲಿಲ್ಲ. ಇಟ್ಟಲ್ಲೇ ಇಟ್ಟುಕೊಂಡು ಕುಳಿತಿದ್ದಳು. ನಾನೇ ಒಂದೊಂದಾಗಿ ಎತ್ತಿ ಅವಳ ಮಡಿಲಲ್ಲಿ ಇಟ್ಟೆ.

ಟೀಚರ್ ಬಂದರು. "ಐದೇ ನಿಮಿಷ ಸಿಸ್ಟರ್. ಟಾಯ್ಲೆಟ್ಟಿಗೆ ಹೋಗೋದು ಬೇಡ್ವಾ ನಾನು?"

ಸೀದಾ ಹೆಚ್‌ಎಂ ಕೋಣೆಗೆ ಹೋದೆ. ಬಾಗಿಲು ಹಾಕಿತ್ತು. ಒಳಗೆ ಮೀಟಿಂಗ್. ಹತ್ತು ನಿಮಿಷ ಬೆಂಚಿನ ಮೇಲೆ ಕುಳಿತೆ. ಅಷ್ಟರಲ್ಲಿ ಆಟದ ಬಯಲಿನಿಂದ ಮೊಣಕಾಲು ಒಡೆದುಕೊಂಡ ಮಗುವನ್ನು ಎತ್ತಿಕೊಂಡು ಬಂದರು. ಹೊಲಿಗೆ ಬೇಕಿತ್ತು. ಹೋದೆ.

ಮತ್ತೆ ಹೋಗಲಿಲ್ಲ. ಆರನೇ ಸಾಲು ಬರೆದೆ. ಏನು ಬರೆದೆ ಅಂತ ಇಲ್ಲಿ ಬರೆಯಲೂ ನಾಚಿಕೆ. ಹಳೆಯ ಸಾಲನ್ನೇ.

ನವೆಂಬರ್ 22, ಶುಕ್ರವಾರ

ಬೆಳಿಗ್ಗೆ ಮಗಳ ಜಡೆ ಹಾಕುವಾಗ ಬಾಯಿ ತಪ್ಪಿ ಬಟಾಣಿಯ ವಿಷಯ ಕೇಳಿದೆ. ಅವಳು ಅದೇ ಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಸ್ಪೆಷಲ್ ಕ್ಲಾಸಿನ ಪಕ್ಕದ ಕೋಣೆ.

"ಕುರ್ಚಿ ಎಳೆಯೋ ಸದ್ದು ನಮ್ಗೆ ದಿನಾ ಕೇಳ್ಸುತ್ತಮ್ಮ. ಎಲ್ರಿಗೂ ಗೊತ್ತು. ನಿಂಗೆ ಗೊತ್ತಿರ್ಲಿಲ್ವಾ?"

ಜಡೆ ಅಂಕುಡೊಂಕಾಯಿತು. ಬಿಚ್ಚಿ ಮತ್ತೆ ಹಾಕಿದೆ.

ಸೋಮವಾರ ಹೆಚ್‌ಎಂಗೆ ಹೇಳಲೇಬೇಕು.

ಡಿಸೆಂಬರ್ 2, ಸೋಮವಾರ

ಹತ್ತು ದಿನದಿಂದ ಈ ಡೈರಿ ತೆರೆದಿಲ್ಲ. ಆ ಸೋಮವಾರ ಬಂತು, ಹೋಯಿತು. ನಾನು ಹೇಳಲಿಲ್ಲ.

ಗುರುವಾರ ಬಟಾಣಿ ಕುರ್ಚಿ ಸಮೇತ ಉರುಳಿ ಬಿದ್ದಳಂತೆ. ನನ್ನ ಹತ್ತಿರ ಕರೆತರಲಿಲ್ಲ. ಸಂಜೆ ಹಾಗೇ ವ್ಯಾನ್ ಹತ್ತಿಸಿ ಕಳಿಸಿದ್ದಾರೆ. ಮನೆಯಲ್ಲಿ ಸ್ವೆಟರ್ ತೆಗೆಯಲು ಬಿಡಲಿಲ್ಲವಂತೆ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಎಡ ಮಣಿಕಟ್ಟಿನ ಮೂಳೆ ಮುರಿದಿದೆ. ಎಕ್ಸ್‌ರೇ ನೋಡಿದ ಡಾಕ್ಟರು ಇನ್ನೊಂದು ಕೈಯ ಗೆರೆಯನ್ನೂ ನೋಡಿದರು. ಅವರೇ ದೂರು ಕೊಡಿಸಿದ್ದು. ಅವರು ನೋಡಿದ್ದು ಒಂದೇ ಸಲ.

ಹನ್ನೊಂದು ಗಂಟೆಗೆ ತಾಯಿ ಸಿಕ್ ರೂಮಿನ ಬಾಗಿಲಲ್ಲಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಕೆಲಸದ ಏಪ್ರನ್‌ನಲ್ಲೇ ಬಂದಿದ್ದರು.

"ನೀವು ನೋಡಿದ್ರಾ ಸಿಸ್ಟರ್?"

"ಅವತ್ತು ನನ್ನ ಹತ್ರ ಕರ್ಕೊಂಡೇ ಬರ್ಲಿಲ್ಲ."

ನಿಜವನ್ನೇ ಹೇಳಿದೆ. ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿದ್ದು ನೆನಪಿಲ್ಲ.

ಡಿಸೆಂಬರ್ 10, ಮಂಗಳವಾರ, ಮಧ್ಯಾಹ್ನ

ಟೀಚರನ್ನು ಸಸ್ಪೆಂಡ್ ಮಾಡಿದ್ದಾರೆ. ಇವತ್ತು ಸ್ಕೂಲಿನ ವಕೀಲರು ಬಂದಿದ್ದರು. ಹೆಚ್‌ಎಂ ಕೋಣೆಯ ಮೇಜಿನ ಮೇಲೆ ನನ್ನ ರಿಜಿಸ್ಟರಿನ ಜೆರಾಕ್ಸ್. ಆರು ಸಾಲಿಗೂ ಹಳದಿ ಬಣ್ಣ.

"ಟೀಚರ್ ಮಾಡಿದ್ದಕ್ಕೆ ಟೀಚರ್ ಅನುಭವಿಸ್ತಾರೆ," ವಕೀಲರು ಅಂದರು. "ಸ್ಕೂಲಿಗೆ ಮೊದ್ಲೇ ಗೊತ್ತಿತ್ತಾ ಇಲ್ವಾ, ಪ್ರಶ್ನೆ ಇರೋದು ಅದೊಂದೇ. ಗೊತ್ತಿರ್ಲಿಲ್ಲ ಅನ್ನೋದಕ್ಕೆ ನಿಮ್ಮ ರಿಜಿಸ್ಟರೇ ಸಾಕು. ತರಬೇತಿ ಆದ ನರ್ಸು ಆರು ಸಲ ನೋಡಿದಾರೆ, ಆರು ಸಲಾನೂ ಅನುಮಾನ ಪಟ್ಟಿಲ್ಲ. ಚೆನ್ನಾಗಿ ಬರ್ದಿದೀರಿ."

ನನ್ನ ಕೆಲಸವನ್ನು ಈ ಸ್ಕೂಲಿನಲ್ಲಿ ಯಾರಾದರೂ ಹೊಗಳಿದ್ದು ಇದೇ ಮೊದಲು.

ಟೈಪ್ ಮಾಡಿದ ಹೇಳಿಕೆ ಮುಂದೆ ಇಟ್ಟರು. 'ನನಗೆ ಯಾವ ಅನುಮಾನವೂ ಬಂದಿರಲಿಲ್ಲ. ಯಾರಿಗೂ ಏನನ್ನೂ ತಿಳಿಸಿರಲಿಲ್ಲ.' ಹೆಚ್‌ಎಂ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿದರು, "ಮಗಳು ಚೆನ್ನಾಗಿ ಓದ್ತಿದಾಳಾ? ಪರೀಕ್ಷೆ ಹತ್ರ ಬಂತಲ್ಲ."

ಸಹಿ ಹಾಕಿದೆ.

ಜನವರಿ 16, ಗುರುವಾರ, ಸಂಜೆ

ನಾಳೆ ಮಕ್ಕಳ ಹಕ್ಕುಗಳ ಆಯೋಗದಲ್ಲಿ ವಿಚಾರಣೆ. ಇವರಿಗೆ ಎಲ್ಲ ಹೇಳಿದೆ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಇವರು ಟಿವಿ ಆಫ್ ಮಾಡಿ ನನ್ನ ಮಾತು ಕೇಳಿದ್ದು ಇದು ಎರಡನೇ ಸಲ.

"ಸಹಿ ಹಾಕಿಬಿಟ್ಟಿದೀಯ. ಈಗ ಬೇರೆ ಹೇಳಿದ್ರೆ ಸುಳ್ಳುಗಾತಿ ಆಗೋದು ನೀನೇ."

"ಈಗೇನು ಆಗಿಲ್ವಾ?"

"ಕೆಲ್ಸ ಹೋಗುತ್ತೆ. ಇವ್ಳ ಪರೀಕ್ಷೆ ಬೇರೆ..."

ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ನನ್ನ ಪರೀಕ್ಷೆ ನೆಪ ಮಾಡ್ಬೇಡಿ ಅಪ್ಪ."

ಸೀರೆಗೆ ಇಸ್ತ್ರಿ ಹಾಕಿದೆ. ಅಂಚು ಸುಟ್ಟಿತು.

ಜನವರಿ 17, ಶುಕ್ರವಾರ, ಮಧ್ಯಾಹ್ನ 3

ಉದ್ದ ಮೇಜು, ಆಚೆ ಬದಿ ಮೂವರು. ನಡುವಿನ ಹಿರಿಯ ಹೆಂಗಸು ಅಧ್ಯಕ್ಷೆ. ಬಟಾಣಿಯನ್ನು ಕರೆತಂದಿರಲಿಲ್ಲ. ತಾಯಿ ಗೋಡೆ ಪಕ್ಕದ ಕುರ್ಚಿಯಲ್ಲಿ.

ವಕೀಲರು ಜೆರಾಕ್ಸ್ ತೋರಿಸಿದರು. "ಈ ಆರೂ ನೀವೇ ಬರ್ದಿದ್ದಾ?"

"ಹೌದು."

"ನೀವು ನೋಡಿದ್ದನ್ನೇ ಬರ್ದಿದೀರಿ, ಅಲ್ವಾ?"

ಹೌದು ಅನ್ನಬೇಕಿತ್ತು. ಅಷ್ಟೇ ಕೆಲಸ.

"ಇಲ್ಲ. ನೋಡಿದ್ದನ್ನ ಬರೀಲಿಲ್ಲ. ಟೀಚರ್ ಹೇಳಿದ್ದನ್ನ ಬರ್ದೆ."

ವಕೀಲರು ಸಹಿಯ ಕಾಗದ ಎತ್ತಿ ಹಿಡಿದರು. "ಹಾಗಾದ್ರೆ ಇದು?"

"ಸಹಿ ನಂದೇ. ಅದ್ರಲ್ಲಿರೋದೂ ಸುಳ್ಳೇ."

ಆಮೇಲೆ ನಿಲ್ಲಲಿಲ್ಲ. ಗೆರೆಯ ಅಳತೆ, ಹನ್ನೆರಡನೇ ತಾರೀಕು ಹೆಚ್‌ಎಂ ಆಡಿದ ಮಾತು, ಕುರ್ಚಿ, ಪಟ್ಟಿ, ಬೆಂಚಿನ ಮೇಲೆ ಕುಳಿತ ಹತ್ತು ನಿಮಿಷ. ಎಲ್ಲ ಹೇಳಿದೆ.

"ಅವ್ರಿಗೆ ಹೇಳಿದ್ದಕ್ಕೆ ಸಾಕ್ಷಿ ಇದೆಯಾ?" ಅಧ್ಯಕ್ಷೆ ಕೇಳಿದರು.

"ಇಲ್ಲ ಮೇಡಂ. ಬರ್ದು ಕೊಡ್ಬೇಡಿ ಅಂದ್ರು. ಬರ್ದ್ರೆ ಕ್ರಮ ತಗೋಬೇಕಾಗುತ್ತೆ ಅಂದ್ರು."

ಅಧ್ಯಕ್ಷೆ ಹೆಚ್‌ಎಂ ಕಡೆ ತಿರುಗಿದರು. "ಹೀಗಂದ್ರಾ?"

ಸುಳ್ಳು ಎಂದು ಹೆಚ್‌ಎಂ ಹೇಳಬಹುದಿತ್ತು. ನನ್ನ ಹತ್ತಿರ ಏನೂ ಇರಲಿಲ್ಲ. ಅವರು, "ಬೇರೆ ಟೀಚರ್ ಬೇಕು ಅಂತ ಮ್ಯಾನೇಜ್‌ಮೆಂಟಿಗೆ ಎರಡು ಸಲ ಕೇಳಿದ್ದೆ," ಅಂದರು. ವಕೀಲರು ಕಣ್ಣು ಮುಚ್ಚಿಕೊಂಡರು.

"ಯಾಕೆ ಬೇಕು ಅಂತ ಹೇಳಿದ್ರಿ?"

ಹೆಚ್‌ಎಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಕೊನೆಗೆ ಅಧ್ಯಕ್ಷೆ ನನಗೆ, "ನಿಮ್ಮ ಮೇಲೂ ಕ್ರಮ ಆಗುತ್ತೆ. ಗೊತ್ತಲ್ವಾ?"

"ಗೊತ್ತು."

ಹೊರಗೆ ಹೋಗುವಾಗ ತಾಯಿಯ ಮುಂದೆಯೇ ಹಾದುಹೋಗಬೇಕಿತ್ತು. ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಮುಖ ನೋಡಲಿಲ್ಲ.

ಮಾರ್ಚ್ 8, ಶನಿವಾರ

ಆದೇಶ ಬಂದು ಮೂರು ದಿನ. ಸ್ಕೂಲಿಗೆ ಗೊತ್ತಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ, ಆದ್ದರಿಂದ ಸ್ಕೂಲೇ ಹೊಣೆ. ಟೀಚರ್ ಮೇಲೆ ಪೊಲೀಸ್ ಕೇಸು. ಹೆಚ್‌ಎಂ ಹುದ್ದೆ ಬಿಟ್ಟರು. ನನ್ನನ್ನು ಜನವರಿಯಲ್ಲೇ ಕೆಲಸದಿಂದ ತೆಗೆದಾಗಿತ್ತು. ಈಗ ನರ್ಸಿಂಗ್ ರಿಜಿಸ್ಟ್ರೇಷನ್ ಒಂದು ವರ್ಷ ಅಮಾನತು. ಸರಿಯಾಗಿಯೇ ಇದೆ. ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ. ಅದೇ ಸ್ಕೂಲಿನಲ್ಲಿ, ಯಾರೂ ಅಡ್ಡಿ ಮಾಡಲಿಲ್ಲ.

ನಿನ್ನೆ ಬಟಾಣಿಯ ತಾಯಿ ಫೋನ್ ಮಾಡಿದ್ದರು. ಇವತ್ತು ಬೆಳಿಗ್ಗೆ ಹೋದೆ. ಲಾಂಡ್ರಿ ಮೇಲಿನ ಎರಡು ಕೋಣೆ. ಕೆಳಗಿನಿಂದ ಬರುವ ಹಬೆಗೆ ಕಿಟಕಿಯ ಗಾಜು ಬೆವರಿತ್ತು.

"ಕ್ಷಮೆ ಕೇಳೋಕೆ ಬಾಯಿ ತೆಗೀಬೇಡಿ," ಬಾಗಿಲಲ್ಲೇ ಅಂದರು. "ಒಂದೊಂದು ಗಾಯ ನಿಜವಾಗ್ಲೂ ಹೇಗಿತ್ತು ಅಂತ ಇವಳ ಡಾಕ್ಟರಿಗೆ ಬೇಕಂತೆ. ಇವಳಿಗಂತೂ ಹೇಳೋಕಾಗಲ್ಲ. ನೋಡಿರೋದು ನೀವೊಬ್ರೇ. ಕೂತು ಬರ್ಕೊಡಿ."

ಕುಳಿತೆ. ಕಾಗದ ಕೊಟ್ಟರು. ಮೊದಲನೆಯದು, ಎರಡನೆಯದು... ಒಂದು ಗಂಟೆಯ ಮೇಲಾಯಿತು. ನಾಲ್ಕನೆಯದನ್ನು ಬರೆಯುವಾಗ ಒಳಕೋಣೆಯ ಬಾಗಿಲು ತೆರೆಯಿತು. ಬಟಾಣಿ. ಉದ್ದವಾಗಿದ್ದಾಳೆ. ಬಿಳಿ ಕೋಟು ಇಲ್ಲದಿದ್ದರೂ ಗುರುತು ಸಿಕ್ಕಿತು ಅವಳಿಗೆ. ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿ ನಿಂತಳು.

ತಾಯಿ ಹತ್ತಿರ ಹೋಗಿ ತಲೆ ಸವರಿದರು. "ಹೆದರ್ಬೇಡ ಬಟಾಣಿ. ಈ ಸಿಸ್ಟರ್ ಏನೂ ಮಾಡಲ್ಲ."

ಮಗುವಿಗೆ ಧೈರ್ಯ ಹೇಳಿದ ಮಾತು. ಅಷ್ಟೇ. ಚುಚ್ಚಬೇಕು ಅಂತ ಆಡಿದ್ದಲ್ಲ, ಅವರು ನನ್ನ ಕಡೆ ನೋಡಲೂ ಇಲ್ಲ. ಆದರೆ ಆರು ಸಲವೂ ಏನೂ ಮಾಡದ ನಾನು, ಪೆನ್ನು ಹಿಡಿದು ಕುಳಿತಲ್ಲೇ ನಾಲ್ಕನೆಯದನ್ನು ಮುಂದುವರಿಸಿದೆ: ಹಲ್ಲಿನ ಗುರುತು ಇರಲಿಲ್ಲ.