ಮಲಗಿದ ಹಗ್ಗ

ಅಪ್ಪಾ,

ನೀನು ತೀರಿಹೋಗಿ ಎರಡು ವರ್ಷಕ್ಕೆ, ನನ್ನ ಮೂವತ್ತಾರನೇ ವಯಸ್ಸಿಗೆ, ನಮ್ಮ ಬಂದರಿನ ಊರು ಸ್ಟಾಕ್ಟನ್‌ನ ಕಮ್ಯುನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಸೇರಿದೆ. ತರಗತಿಯ ಹುಡುಗರು ನನ್ನನ್ನು ಅಕ್ಕಾ ಅನ್ನುತ್ತಾರೆ.

ಇವತ್ತು ಒರ್ಟೇಗಾ ಮೇಷ್ಟ್ರು ಬೋರ್ಡಿನ ಮೇಲೆ ಒಂದು ತೊಲೆಯ ಚಿತ್ರ ಬರೆದು, ಅದರ ಎರಡು ತುದಿಗೂ ಹಗ್ಗ ಕಟ್ಟಿ ಕ್ರೇನಿನ ಕೊಕ್ಕೆಗೆ ಸೇರಿಸಿದರು.

"ಹಗ್ಗ ಉದ್ದ ಇರಬೇಕೋ, ಗಿಡ್ಡ ಸಾಕೋ?"

ಹುಡುಗರು ಕ್ಯಾಲ್ಕುಲೇಟರ್ ಒತ್ತತೊಡಗಿದರು. ನಾನು ಕೂತಲ್ಲೇ ಅಂದುಬಿಟ್ಟೆ: "ಉದ್ದ ಇರ್ಬೇಕು ಸಾರ್. ಗಿಡ್ಡ ಹಗ್ಗ ಮಲಗಿಬಿಡುತ್ತೆ. ಮಲಗಿದ ಹಗ್ಗ ಆಳನ್ನ ಕೊಲ್ಲುತ್ತೆ."

ಬಂದರಿನಲ್ಲಿ ಮೂವತ್ತು ವರ್ಷ ಕ್ರೇನಿಗೆ ಸರಕು ಕಟ್ಟಿದ ನೀನು ಊಟದ ಮೇಜಿನಲ್ಲಿ ಹೇಳುತ್ತಿದ್ದ ಮಾತು ಅದು: ಹಗ್ಗ ಅಡ್ಡಕ್ಕೆ ಮಲಗಿದಷ್ಟೂ ಅದರ ಮೇಲಿನ ಎಳೆತ ಹೆಚ್ಚಿ, ಕಿತ್ತುಹೋಗಿ, ಭಾರ ಕೆಳಗಿದ್ದವನ ಮೇಲೆ ಬೀಳುತ್ತೆ. ಶಾಲೆಯ ಅರ್ಜಿಗಳಲ್ಲಿ ನಾನು ನಿನ್ನ ಕೆಲಸ 'ಕಚೇರಿ' ಎಂದು ತುಂಬುತ್ತಿದ್ದೆ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಯಾರು ಹೇಳಿಕೊಟ್ಟಿದ್ದು, ಲಿಗಾಯಾ?"

"ಪುಸ್ತಕದಲ್ಲಿತ್ತು ಸಾರ್."

"ಪುಸ್ತಕದೋರು ಹೀಗೆ ಬರೆಯಲ್ಲಮ್ಮ. ಇದು ಭಾರ ಎತ್ತಿದವರ ಮಾತು."

'ಮಲಗಿದ ಹಗ್ಗ ಆಳನ್ನ ಕೊಲ್ಲುತ್ತೆ' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಯಾರ ಹೆಸರು ಹಾಕಲಿ ಎಂಬಂತೆ ನನ್ನ ಕಡೆ ನೋಡಿದರು. ನಾನು ನಿನ್ನ ಹೆಸರೆತ್ತದೆ ತಲೆ ತಗ್ಗಿಸಿ, ಉಳಿದವರ ಜೊತೆ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.